ವಿಸರಣೆಯೋ, ಪ್ರಸಾರವೋ?

ಇಂಗ್ಲಿಷಿನ ‘ಡಿಫ್ಯೂಷನ್’ ಎಂಬ ಒಂದೇ ಶಬ್ದವು ಅಣುಗಳ ಹರಡಿಕೆಗೂ ಸಂಸ್ಕೃತಿಗಳ ಹರಡಿಕೆಗೂ ಸಲ್ಲುತ್ತದೆ. ಕನ್ನಡದಲ್ಲಾದರೋ ವಿಸರಣೆ, ಪ್ರಸಾರ ಎಂಬ ಎರಡು ಶಬ್ದಗಳಿವೆ. ಎರಡಕ್ಕೂ ಧಾತು ಒಂದೇ ಆದರೂ ಅವನ್ನು ಬೆರೆಸದೆ ಬಳಸಬೇಕೆಂಬುದು ನಮ್ಮ ಅಭಿಪ್ರಾಯ.

ವಿಸರಣೆಯೆಂದರೇನು? ನಿಶ್ಚಲವಾದ ನೀರಿನ ತಳದಲ್ಲಿ ಸಕ್ಕರೆಯಿದ್ದರೆ, ಕಲಕದಿದ್ದರೂ ಸಿಹಿಯು ಮೆಲ್ಲನೆ ಮೇಲೇರುವುದು. ಅಣುಗಳು ಗೊತ್ತುಗುರಿಯಿಲ್ಲದೆ ಸದಾ ಚಲಿಸುತ್ತಿರುವುದರಿಂದ, ಒಟ್ಟಿನಲ್ಲಿ ಅವು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಸರಿಯುತ್ತವೆ. ಜರ್ಮನ್ ಶರೀರಶಾಸ್ತ್ರಜ್ಞನಾದ ಅಡಾಲ್ಫ್ ಫಿಕ್ 1855ರಲ್ಲಿ ಇದರ ಗಣಿತ ನಿಯಮವನ್ನು ಪ್ರಕಟಿಸಿದನು. ದೂರವು ಹತ್ತರಷ್ಟಾದರೆ ಕಾಲವು ನೂರರಷ್ಟಾಗುವುದು. ನೀರಿನಲ್ಲಿ ಸಕ್ಕರೆಯ ಅಣು ಒಂದು ಸೆಂಟಿಮೀಟರು ಸರಿಯಲು ಸರಾಸರಿ ಒಂದು ದಿನ ಬೇಕು. ಹತ್ತು ಸೆಂಟಿಮೀಟರಿಗೆ ಮೂರು ತಿಂಗಳಿಗೂ ಹೆಚ್ಚು.

ಕಂಪ್ಲಿಯ ಬತ್ತದ ಗದ್ದೆಗಳಲ್ಲಿ ನಿಜವಾದ ವಿಸರಣೆಯಿದೆ. ನೀರಿನಲ್ಲಿ ಆಮ್ಲಜನಕದ ವಿಸರಣೆಯು ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಆದುದರಿಂದ ನೀರು ನಿಂತ ಕೆಸರಿನಲ್ಲಿ ಅನೇಕ ಪೈರುಗಳ ಬೇರು ಉಸಿರುಗಟ್ಟುವುದು. ಬತ್ತದ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿ ತುಂಬಿದ ಪೊಳ್ಳುಗಳಿವೆ. ಅವುಗಳ ಮೂಲಕ ಆಮ್ಲಜನಕವು ವಿಸರಣೆಯಿಂದಲೇ ಬೇರಿಗಿಳಿಯುತ್ತದೆ.

ಸಂಡೂರಿನ ಕೆಂಧೂಳಿನ ಮಾತು ಬೇರೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟಿರುವ ಕಣವು ಕೂಡ ಕೇವಲ ವಿಸರಣೆಯಿಂದ ದಿನಕ್ಕೆ ಕೆಲವೇ ಮಿಲಿಮೀಟರು ಸರಿಯಬಲ್ಲದು. ಅದಿರಿನ ಧೂಳನ್ನು ಎಬ್ಬಿಸುವುದು ಗಣಿ ಮತ್ತು ಲಾರಿ, ಹೊತ್ತೊಯ್ಯುವುದು ಗಾಳಿ. ಅದನ್ನು ವಿಸರಣೆಯೆಂದು ಕರೆದರೆ ಭೌತಶಾಸ್ತ್ರ ತಪ್ಪುವುದಲ್ಲದೆ, ತಾನಾಗಿ ಆದುದಕ್ಕೆ ಯಾರೂ ಹೊಣೆಯಲ್ಲವೆಂಬ ಭಾವನೆಯೂ ಹುಟ್ಟುವುದು. ಎಬ್ಬಿಸುವವರುಂಟು ಎಂದು ತಿಳಿದಾಗಲೇ ತಡೆಯುವ ಉಪಾಯಗಳೂ ತೋರುವುವು: ಲಾರಿಗೆ ಹೊದಿಕೆ, ರಸ್ತೆಗೆ ನೀರು.

ಹಂಪೆಯ ಕಮಲ ಮಹಲಿನ ಕಮಾನುಗಳಲ್ಲಿ, ಗಜಶಾಲೆಯ ಗುಮ್ಮಟಗಳಲ್ಲಿ ದಖ್ಖಣದ ಸುಲ್ತಾನರ ಕಟ್ಟಡಗಳ ಶೈಲಿ ಕಾಣುತ್ತದೆ. ಅದೂ ಅಣುಗಳಂತೆ ಗುರಿಯಿಲ್ಲದೆ ಬಂದುದಲ್ಲ. ಬಲ್ಲವರು ಕಟ್ಟಿದರು, ಒಪ್ಪಿದವರು ಕಟ್ಟಿಸಿದರು. ಇಂಥದನ್ನು ಪ್ರಸಾರವೆನ್ನುವುದೇ ಯುಕ್ತ.

ಹೊಸಪೇಟೆಯ ತರಗತಿಯೊಂದರಲ್ಲಿ ಊದುಬತ್ತಿ ಹಚ್ಚಿದರೆ ಪರಿಮಳವು ಹಿಂದಿನ ಬೆಂಚಿಗೆ ಮುಟ್ಟುವುದು ಕೂಡ ಬಹುಪಾಲು ಗಾಳಿಯ ಚಲನೆಯಿಂದಲೇ. ಆದುದರಿಂದ ಏನಾದರೂ ಹರಡಿತೆಂದು ಕೇಳಿದಾಗ ವಿದ್ಯಾರ್ಥಿಗಳು ಮೊದಲು ವಿಚಾರಿಸಬೇಕಾದುದಿಷ್ಟು: ಅದು ತಾನಾಗಿ ಸರಿಯಿತೇ, ಇಲ್ಲವೇ ಮತ್ತೊಂದು ಅದನ್ನು ಸಾಗಿಸಿತೇ?