ಸಹಿ ಹಾಕುವ ಮುನ್ನ ಲೆಕ್ಕ ಕೇಳಿರಿ



"ಕೊಟ್ಟಷ್ಟು ತೆಗೆದುಕೊಂಡು ಊರಿಗೆ ಹೋಗು, ಕೋರ್ಟು ಹತ್ತಿದವನು ಏನು ಕಂಡಿದ್ದಾನೆ?" ಎಂಬ ಉಪದೇಶ ಠಾಣೆಯಲ್ಲಿ, ಡೊಂಬಿವಲಿಯಲ್ಲಿ, ಬೇಲಾಪುರ ರಸ್ತೆಯ ಕಾರಖಾನೆಗಳಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಉಪದೇಶಿಗಳು ಬಹುಮಟ್ಟಿಗೆ ಮಾಲಕರ ಮನುಷ್ಯರು. ನಮ್ಮವರೂ ಕೆಲವರಿದ್ದಾರೆಂಬುದೇ ವ್ಯಸನ.

ಅವರು ತೋರಿಸುವ ಭಯ ಸುಳ್ಳಲ್ಲ. 1982ರ ಜನವರಿ 18ರಂದು ಆರಂಭವಾದ ಮುಂಬಯಿಯ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಹೊರಬಂದರು. ಎಷ್ಟೋ ಮಂದಿಗೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಕಲ್ಯಾಣದ ಬಳಿಯ ಮೋಹನೆಯ ಎನ್.ಆರ್.ಸಿ. ಕಾರಖಾನೆಗೆ 2009ರ ನವೆಂಬರಿನಲ್ಲಿ ಬೀಗ ಬಿದ್ದ ಮೇಲೆ ಸಾವಿರಾರು ಮಂದಿ ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದರು. ಆದರೆ ಇದರಿಂದ "ಕೊಟ್ಟಷ್ಟು ತೆಗೆದುಕೋ" ಎಂಬ ಪಾಠ ಹೇಗೆ ಹೊರಡುತ್ತದೆ? ಕಂಪೆನಿಯ ಗಲ್ಲೆಯಲ್ಲಿ ಹಣವಿರುವಾಗಲೇ ಪೂರ್ತಿ ಲೆಕ್ಕ ಕೇಳಬೇಕೆಂಬುದು ಹೊರಡುತ್ತದೆ.

ಲೆಕ್ಕವನ್ನೇ ಮಾಡೋಣ. ತಿಂಗಳಿಗೆ 26,000 ರೂಪಾಯಿ ಪಗಾರ (ಮೂಲವೇತನ, ತುಟ್ಟಿಭತ್ತೆ ಸೇರಿ), 18 ವರ್ಷ ನೌಕರಿ ಎಂದಿಟ್ಟುಕೊಳ್ಳಿರಿ. ಮಾಲಕನು ಕೆಲಸದಿಂದ ಕಡಿಮೆ ಮಾಡಿದರೆ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಪರಿಹಾರ 2,34,000. ನೋಟೀಸಿಗೆ ಬದಲಾಗಿ ಒಂದು ತಿಂಗಳ ಪಗಾರ 26,000. ಗ್ರಾಚುಯಿಟಿಯಲ್ಲಿ ತಿಂಗಳನ್ನು 26 ದಿನವೆಂದು ಎಣಿಸುವುದರಿಂದ ಅದು 2,70,000. ಒಟ್ಟು 5,30,000. ಪ್ರಾವಿಡೆಂಟ್ ಫಂಡು ಇದರ ಹೊರಗೆ. ಅದು ಯಾರ ದಾನವೂ ಅಲ್ಲ. ಈಗ ಮಾಲಕನು "ಎಲ್ಲ ಸೇರಿ ಐದು ಲಕ್ಷ, ನಿನ್ನ ಮೇಲಿನ ಪ್ರೀತಿಗೆ" ಎಂದರೆ ಆ ಪ್ರೀತಿಯ ಬೆಲೆ ಮೂವತ್ತು ಸಾವಿರ ನಷ್ಟ!

ಇದಕ್ಕಿಂತ ದೊಡ್ಡ ಮೋಸ ಕಾಗದದಲ್ಲಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಫಾರಂ ಮುಂದಿಡುತ್ತಾರೆ. "ನಾನು ಸ್ವಇಚ್ಛೆಯಿಂದ ನಿವೃತ್ತನಾಗುತ್ತೇನೆ" ಎಂದು ಅದರಲ್ಲಿರುತ್ತದೆ. ಸ್ವಇಚ್ಛೆಯ ನಿವೃತ್ತಿ ಕಾಯದೆಯ ಕಣ್ಣಿನಲ್ಲಿ ಛಾಂಟಣಿಯೇ ಅಲ್ಲ. ಆ ಹಣ ಪಡೆದು ಹೊರಟವನು ಮತ್ತೆ ಹಕ್ಕು ಕೇಳಲಾಗದೆಂದು ಎ.ಕೆ. ಬಿಂದಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ಹಾಗಾದರೆ ಮಾಲಕನಿಗೆ ನಿಮ್ಮ ಕೈಬರಹದ ಮೇಲೆ ಇಷ್ಟು ಆಸೆ ಏಕೆಂದು ತಿಳಿಯಿತಷ್ಟೆ.

2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆ ನಮ್ಮ ಬಲವನ್ನು ಕುಗ್ಗಿಸಿದೆ. ಛಾಂಟಣಿಗೆ ಮುಂಚೆ ಸರಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಜನರ ಕಾರಖಾನೆಗಿತ್ತು, ಈಗ 300. ತಕರಾರು ಎತ್ತಲು ಎರಡೇ ವರ್ಷದ ಅವಧಿ. ಆದರೆ 15 ದಿನದ ಪರಿಹಾರವನ್ನು ಅದೂ ಅಳಿಸಿಲ್ಲ.

ಹೋಟೆಲಿನ ತಮ್ಮಂದಿರಿಗೆ ಅನುಮತಿಯ ಆ ರಕ್ಷಣೆ ಹಿಂದೆಯೂ ಇರಲಿಲ್ಲ. ಆದರೆ ವರ್ಷದಲ್ಲಿ 240 ದಿನ ದುಡಿದಿದ್ದರೆ ನೋಟೀಸು, ಪರಿಹಾರ ನಿಮಗೂ ಉಂಟು. "ಮಳೆಗಾಲ ಕಳೆಯಲಿ, ಊರಿಗೆ ಹೋಗಿ ಬಾ" ಎಂದು ಧಣಿಗಳು ಕಳುಹಿಸುವುದು ಎಷ್ಟೋ ಸಲ ಈ ಎಣಿಕೆಯನ್ನು ಮುರಿಯುವುದಕ್ಕೇ. ನಮ್ಮ ಊರಿನವರೇ ಧಣಿಗಳಾದರೂ ಲೆಕ್ಕ ಲೆಕ್ಕವೇ.

ಎಲ್ಲರೂ ಹೋರಾಡಿರೆಂದು ನಾವು ಹೇಳುವುದಿಲ್ಲ. ಕಂಪೆನಿ ನಿಜವಾಗಿ ಮುಳುಗುತ್ತಿದ್ದು, ಕೊಡುವ ಮೊತ್ತ ಕಾಯದೆಗಿಂತ ಸಾಕಷ್ಟು ಹೆಚ್ಚಿದ್ದರೆ ತೆಗೆದುಕೊಳ್ಳುವುದೇ ಜಾಣತನ. ಮಗಳ ಮದುವೆ, ಖೋಲಿಯ ಸಾಲ ಕೋರ್ಟಿನ ತಾರೀಖಿಗೆ ಕಾಯುವುದಿಲ್ಲ. ಆದರೆ ನಿಮ್ಮನ್ನು ಹೊರಹಾಕಿ ಅದೇ ಯಂತ್ರದ ಮುಂದೆ ಕಂತ್ರಾಟಿನ ಹುಡುಗನನ್ನು ನಿಲ್ಲಿಸಿದ್ದರೆ ಬಿಡಬೇಡಿರಿ.

ಇಂದೇ ಸಹಿ ಬೇಕೆಂದರೆ ಮೂರು ದಿನ ಕೇಳಿರಿ. ಫಾರಮಿನ ಪ್ರತಿ, ಪಗಾರ ಚೀಟಿ, ಫಂಡಿನ ಪಾಸ್‌ಬುಕ್ ಹಿಡಿದು ಯೂನಿಯನ್ನಿಗೋ ಕಾರ್ಮಿಕ ಆಯುಕ್ತರ ಕಚೇರಿಗೋ ನಡೆಯಿರಿ. ಒಬ್ಬೊಬ್ಬರಾಗಿ ಅಲ್ಲ, ಖಾತೆಯವರೆಲ್ಲ ಸೇರಿ.