ಕೆಲಸಗಾರನ ವಿಶ್ವಾಸವೂ ಒಂದು ಅಮಾನತ್

ಹತ್ತಿಯ ಹಂಗಾಮು ಆರಂಭವಾದೊಡನೆ ರಾಯಚೂರಿನ ಜಿನ್ನಿಂಗ್ ಮಿಲ್‌ಗಳಿಗೂ ರಾಜೇಂದ್ರ ಗಂಜ್‌ಗೂ ಬಿಡುವಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಗಿರಣಿ ಸೇರುವಾಗ ಮಾನ್ವಿಯಲ್ಲಿಯೂ ಅದೇ ಧಾವಂತ. ದೇವದುರ್ಗದ ಹಳ್ಳಿಗಳಿಂದ ಹೊರಟವರು ಕೆಲವರು ರಾಯಚೂರಿಗೆ ಬಂದರೆ, ಇನ್ನು ಕೆಲವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಈ ದುಡಿಮೆಯ ಲೋಕದಲ್ಲಿ ನಮ್ಮ ಸಮುದಾಯದವರು ಎರಡೂ ಕಡೆ ಇದ್ದಾರೆ. ಕೆಲವರು ಮಾಲೀಕರು, ಮ್ಯಾನೇಜರ್‌ಗಳು. ಅನೇಕರು ಹಮಾಲರು, ಚಾಲಕರು, ಮೆಕ್ಯಾನಿಕ್‌ಗಳು. ಆದ್ದರಿಂದ ಕೆಲಸದ ಸ್ಥಳದ ಜಗಳವನ್ನು ಹೇಗೆ ಬಗೆಹರಿಸಬೇಕೆಂಬುದು ನಮ್ಮ ದೀನಿನ ಪ್ರಶ್ನೆಯೂ ಹೌದು.

ಜಗಳದ ಕಾರಣಗಳು ಸಾಮಾನ್ಯವಾಗಿ ಚಿಕ್ಕವು: ಮುಂಗಡದ ಲೆಕ್ಕ, ಪಾಳಿಯ ಅವಧಿ, ಚೀಲಗಳ ಎಣಿಕೆ, ಮೇಸ್ತ್ರಿಯ ಒರಟು ಮಾತು. ಆದರೆ ಅವನ್ನು ಮುಗಿಸುವ ರೀತಿ ಅನೇಕ ಕಡೆ ಒಂದೇ. ಮೇಸ್ತ್ರಿ ಹೇಳಿದ್ದೇ ಸತ್ಯ, ಕೆಲಸಗಾರನಿಗೆ ನಾಳೆಯಿಂದ ಬರಬೇಡವೆಂಬ ಆಜ್ಞೆ. ಗದ್ದಲ ನಿಲ್ಲುತ್ತದೆ, ಯಂತ್ರ ತಿರುಗುತ್ತದೆ, ಮ್ಯಾನೇಜರ್ ಸಮಸ್ಯೆ ಮುಗಿಯಿತೆಂದು ತಿಳಿಯುತ್ತಾನೆ. ನೋಡುತ್ತಿದ್ದ ಉಳಿದವರು ಮಾತ್ರ ಇಲ್ಲಿ ಬಾಯಿ ಬಿಡಬಾರದೆಂಬ ಪಾಠ ಕಲಿಯುತ್ತಾರೆ. ಮುಂದೊಂದು ದಿನ ಯಂತ್ರದ ಬೇರಿಂಗ್ ಕಾದು ಕೆಂಪಾದರೂ ಅವರು ಹೇಳಲು ಅಂಜುತ್ತಾರೆ. ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಅರಳೆಯ ನಡುವೆ ಈ ಮೌನಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಕಅಬಾದ ಪುನರ್ನಿರ್ಮಾಣದ ಸಂದರ್ಭವನ್ನು ನೆನೆಯೋಣ. ಹಜರುಲ್ ಅಸ್ವದ್ ಶಿಲೆಯನ್ನು ಅದರ ಸ್ಥಾನದಲ್ಲಿಡುವ ಗೌರವಕ್ಕಾಗಿ ಕುರೈಶರ ಕುಲಗಳು ಕಾದಾಟದ ಅಂಚಿಗೆ ಬಂದಿದ್ದವು. ಮೊದಲು ಒಳಬರುವವರೇ ತೀರ್ಪು ನೀಡಲೆಂದು ನಿಶ್ಚಯವಾಯಿತು. ಬಂದವರು ಮುಹಮ್ಮದ್(ಸ). ಅವರನ್ನು ಕಂಡೊಡನೆ ಎಲ್ಲರೂ ನೆಮ್ಮದಿಗೊಂಡರು. ಏಕೆಂದರೆ ಪ್ರವಾದಿತ್ವಕ್ಕೆ ಮೊದಲೇ ಅವರು 'ಅಲ್ ಅಮೀನ್' ಎನಿಸಿಕೊಂಡಿದ್ದರು. ಅವರು ಶಿಲೆಯನ್ನು ಬಟ್ಟೆಯ ಮೇಲಿರಿಸಿ, ಎಲ್ಲ ಕುಲಗಳ ಮುಖಂಡರಿಂದ ಅದರ ಅಂಚುಗಳನ್ನು ಹಿಡಿಸಿ ಎತ್ತಿಸಿದರು. ಬಳಿಕ ತಮ್ಮ ಕೈಯಿಂದಲೇ ಅದನ್ನು ಸ್ಥಾನದಲ್ಲಿಟ್ಟರು. ವಿಶ್ವಾಸವನ್ನು ಜಗಳಕ್ಕೆ ಬಹು ಮುಂಚೆಯೇ ಗಳಿಸಿರಬೇಕು, ಪರಿಹಾರದಲ್ಲಿ ಎಲ್ಲರ ಕೈಯೂ ಇರಬೇಕು ಎಂಬ ಎರಡು ಪಾಠಗಳು ಇದರಲ್ಲಿವೆ.

ಹಝ್ರತ್ ಅಲಿ(ರ)ರನ್ನು ಯಮನ್‌ಗೆ ಕಳುಹಿಸುವಾಗ, ಎರಡನೆಯವನ ಮಾತು ಕೇಳುವ ತನಕ ಮೊದಲನೆಯವನ ಪರ ತೀರ್ಪು ನೀಡಬಾರದೆಂದು ಪ್ರವಾದಿ(ಸ) ಬೋಧಿಸಿದರು. ಬಂದ ಸುದ್ದಿಯನ್ನು ಪರಿಶೀಲಿಸಿರೆಂದು ಸೂರಃ ಅಲ್ ಹುಜುರಾತ್ ಆದೇಶಿಸುತ್ತದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು. ಹಾಗಿರುವಾಗ ಬಡವನ ಮುಂಗಡದ ಲೆಕ್ಕ ಗುಮಾಸ್ತನ ಪುಸ್ತಕದಲ್ಲಿ ಮಾತ್ರ ಏಕಿರಬೇಕು? ಅದರ ಒಂದು ಪ್ರತಿ ಕೆಲಸಗಾರನ ಕೈಯಲ್ಲಿಯೂ ಇರಲಿ.

ದೇಶದ ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿಯನ್ನು ಕಡ್ಡಾಯಗೊಳಿಸಿತು. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೂ ಸ್ಥಾನವಿರಬೇಕು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಐದಾರು ಜನರ ಅಂಗಡಿಗೆ ಸಮಿತಿ ಬೇಕಿಲ್ಲ. ವಾರಕ್ಕೊಮ್ಮೆ ಮೇಸ್ತ್ರಿಯ ಮಧ್ಯಸ್ಥಿಕೆಯಿಲ್ಲದೆ ಎಲ್ಲರ ಮಾತು ಕೇಳುವ ಅರ್ಧ ಗಂಟೆ ಸಾಕು.

ಹಂಗಾಮಿನ ಅವಸರದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ, ಎಲ್ಲರ ಮಾತು ಕೇಳಿದರೆ ಶಿಸ್ತು ಉಳಿದೀತೇ ಎಂದು ಕೆಲವರು ಕೇಳಬಹುದು. ಕೇಳುವುದೆಂದರೆ ಒಪ್ಪಿಬಿಡುವುದಲ್ಲ. ಕೆಲಸಗಾರನದೇ ತಪ್ಪಾಗಿದ್ದರೆ ಕಾರಣ ಸಹಿತ, ನಾಲ್ಕು ಜನರೆದುರು ಅವಮಾನಿಸದೆ ತಿಳಿಸಬಹುದು. ಮೇಸ್ತ್ರಿಯದಾಗಿದ್ದರೆ ಅವನಿಗೂ ಅದೇ ನಿಯಮ ಅನ್ವಯಿಸಬೇಕು. ಹತ್ತು ವರ್ಷ ಪ್ರವಾದಿ(ಸ)ಯವರ ಸೇವೆ ಮಾಡಿದ ಹಝ್ರತ್ ಅನಸ್(ರ), ತಮಗೆ ಒಮ್ಮೆಯೂ 'ಛೆ' ಎಂಬ ಮಾತು ಕೇಳಬೇಕಾಗಲಿಲ್ಲವೆಂದು ಸ್ಮರಿಸಿದ್ದಾರೆ.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ಕೂಲಿಯಂತೆ ನ್ಯಾಯವನ್ನೂ ತಡಮಾಡದೆ ಕೊಡಬೇಕಲ್ಲವೇ? ತನ್ನ ಅಧೀನದಲ್ಲಿರುವವರ ಕುರಿತು ಪ್ರತಿಯೊಬ್ಬನೂ ಅಲ್ಲಾಹನ ಮುಂದೆ ಉತ್ತರಿಸಬೇಕಾಗಿದೆ. ನಮ್ಮ ಮಿಲ್ಲು, ಗಿರಣಿ, ಅಂಗಡಿಗಳ ಮಾಲೀಕರು ಮುಂದಿನ ಹಂಗಾಮಿಗೆ ಮೊದಲೇ ಈ ಕಾರ್ಯವನ್ನು ಆರಂಭಿಸಲಿ.