ಡಾಕ್ಟರ್ ಮಗ ಸೀಮೆಗೆ, ಮಳಿಗೆ ಪತ್ರ ಬ್ಯಾಂಕಿಗೆ?

ಮೊನ್ನೆ ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಬಟ್ಟೆ ಅಂಗಡಿ ಯಜಮಾನರು ಕರೆದು ಕೂರಿಸಿ ಕಾಫಿ ತರಿಸಿದರು. ಅವರ ಮಗ ಎಂ.ಬಿ.ಬಿ.ಎಸ್. ಮುಗಿಸಿದ್ದಾನೆ, ಹೌಸ್ ಸರ್ಜನ್ಸಿಯೂ ಆಯಿತು. ಪಿ.ಜಿ. ಸೀಟು ಮಾತ್ರ ಸಿಕ್ಕಿಲ್ಲ. "ಎರಡು ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬರ್ತೀನಿ ಅಂತಾನೆ. ಮಳಿಗೆ ಪತ್ರ ಬ್ಯಾಂಕಿನಲ್ಲಿಟ್ಟು ದುಡ್ಡು ಹೊಂದಿಸಬೇಕು. ಏನ್ ಮಾಡ್ಲಿ ಹೇಳಿ ಸ್ವಾಮಿ?"

ಬಸ್ಸಿಗೆ ಕಾಯುತ್ತಾ ನಿಂತಿದ್ದ ಮೇಷ್ಟ್ರೊಬ್ಬರು ಥಟ್ಟನೆ ಬಾಯಿ ಹಾಕಿದರು: "ಹೋದ ವಾರ ನಮ್ಮ ತಾಯಿಗೆ ಉಬ್ಬಸ ಜಾಸ್ತಿಯಾಗಿ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ರಾತ್ರಿ ಡಾಕ್ಟರೇ ಇರಲಿಲ್ಲ. ಇವರೆಲ್ಲಾ ಸೀಮೆಗೆ ಹೋದ್ರೆ ನಾವೇನ್ ಮಾಡೋಣ?" ಯಜಮಾನರ ಮುಖ ಸಣ್ಣದಾಯಿತು.

ಮೇಷ್ಟ್ರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸೀಮೆಯ ಹುಡುಗರು ಏನು ಮಾಡ್ತಿದ್ದಾರೆ ಅಂತಲೂ ನೋಡಬೇಕಲ್ಲ? ಬ್ರಿಟನ್ನಿನಲ್ಲಿ ಡಾಕ್ಟರಿ ಪಾಸಾದವನು ಮೊದಲು ಎರಡು ವರ್ಷ ಆಸ್ಪತ್ರೆಗಳಲ್ಲಿ ಪಳಗಬೇಕು. ಆಮೇಲೆ ಸ್ಪೆಷಾಲಿಟಿ ತರಬೇತಿ. 2011ರಲ್ಲಿ ನೂರಕ್ಕೆ ಸುಮಾರು 71 ಮಂದಿ ನೇರವಾಗಿ ಆ ತರಬೇತಿಗೆ ಸೇರುತ್ತಿದ್ದರು. 2019ರ ಹೊತ್ತಿಗೆ ಅದು ಸುಮಾರು 35ಕ್ಕೆ ಇಳಿಯಿತು. ಮಿಕ್ಕವರಲ್ಲಿ ಅನೇಕರು ಒಂದೆರಡು ವರ್ಷ ಬಿಡುವು ತಗೊಂಡು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಆಸ್ಪತ್ರೆಗಳಿಗೆ ಹೊರಟರು. ಅಲ್ಲಿ ಸಂಬಳ ಮೇಲು, ಡ್ಯೂಟಿ ಪಟ್ಟಿ ಸಲೀಸು. ತಮ್ಮ ದೇಶದಲ್ಲಿ ಜ್ಯೂನಿಯರ್ ಡಾಕ್ಟರುಗಳು ಹೊಸ ಕರಾರು ಬೇಡ ಅಂತ 2016ರಲ್ಲೂ, ಸಂಬಳ ಸಾಲದು ಅಂತ ಮತ್ತೆ 2023ರಲ್ಲೂ ಮುಷ್ಕರ ಹೂಡಿದ್ದು ಸುಳ್ಳಲ್ಲ.

ಬಸ್ಸಿನಲ್ಲಿ ನೋಡಿಲ್ಲವೇ? ಕಿಟಕಿ ಪಕ್ಕದ ಸೀಟು ಖಾಲಿಯಾದರೆ ಪಕ್ಕದವನು ಸರಿದು ಕೂರ್ತಾನೆ. ಅಲ್ಲಿನವನು ಆಸ್ಟ್ರೇಲಿಯಾಕ್ಕೆ ಸರಿದ, ನಮ್ಮವನು ಅವನ ಜಾಗಕ್ಕೆ ಸರಿದ. ಕಡೆಗೆ ಖಾಲಿ ಉಳಿದದ್ದು ನಮ್ಮ ತಾಲೂಕು ಆಸ್ಪತ್ರೆಯ ಕುರ್ಚಿ.

ಹಾಗಂತ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹೊರಗಿನ ಆಸ್ಪತ್ರೆ ಕಂಡು ಬಂದವನ ಕೈ ಪಳಗುತ್ತೆ, ಅದು ಊರಿಗೂ ಲಾಭವೇ. ಆದರೆ ಯಜಮಾನರೇ, ಪತ್ರ ಬ್ಯಾಂಕಿಗೆ ಕೊಡೋ ಮುಂಚೆ ಲೆಕ್ಕ ಕೇಳಿ. ಹಿಂದೆ ನಮ್ಮ ಡಿಗ್ರಿಗೆ ಅಲ್ಲಿ ನೇರ ಮಾನ್ಯತೆ ಇತ್ತು. 1975ರಲ್ಲಿ ಅದು ಹೋಯ್ತು. ಈಗ ಇಂಗ್ಲಿಷ್ ಪರೀಕ್ಷೆ, ಆಮೇಲೆ ಪ್ಲಾಬ್ ಎಂಬ ಎರಡು ಭಾಗದ ಪರೀಕ್ಷೆ. ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರಿಗೇ ಹೋಗಬೇಕು. ಫೀಸು, ವಿಮಾನ, ರೂಮು ಎಲ್ಲಾ ಸೇರಿ ಲಕ್ಷಗಳ ಬಾಬ್ತು. ಇಷ್ಟಾಗಿ ಪಾಸಾದವನಿಗೆ ಕೆಲಸ ಕೊಡ್ತೀವಿ ಅಂತ ಯಾರೂ ಬರೆದುಕೊಟ್ಟಿಲ್ಲ. 2025ರಲ್ಲಿ ಅಲ್ಲಿನ ಸ್ಪೆಷಾಲಿಟಿ ತರಬೇತಿಯ ಸುಮಾರು 10,000 ಸೀಟಿಗೆ 30,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಅದೇ ವರ್ಷ ಅಲ್ಲಿನ ಸರ್ಕಾರ, ನಮ್ಮಲ್ಲೇ ಓದಿದವರಿಗೆ ಮೊದಲ ಪಂಕ್ತಿ ಅಂತ ಸಾರಿತು. ಮಗ ತರಬೇತಿ ಇಲ್ಲದ ಬರೀ ಡ್ಯೂಟಿ ಕೆಲಸ ಮಾಡಿ ವಾಪಸು ಬಂದರೆ, ಇಲ್ಲಿ ಪಿ.ಜಿ. ಸೀಟಿಗೆ ಮತ್ತೆ ನೀಟ್ ಬರೆಯಲೇಬೇಕು.

ಇನ್ನು ನಮ್ಮ ಸರ್ಕಾರದ ಮಾತು. 2012ರ ಕಾಯ್ದೆ ಡಾಕ್ಟರಿ ಓದಿದವರಿಗೆ ಒಂದು ವರ್ಷ ಸರ್ಕಾರಿ ಸೇವೆ ಕಡ್ಡಾಯ ಮಾಡಿತು. ಆಮೇಲೆ ತಿದ್ದುಪಡಿಯಾಗಿ, ಖಾಲಿ ಹುದ್ದೆ ಇದ್ದಷ್ಟಕ್ಕೆ ಮಾತ್ರ ಅಂತಾಯಿತು. ಕಾಯ್ದೆ ಅವನನ್ನು ಒಂದು ವರ್ಷ ಕೂರಿಸಬಹುದು, ಎರಡನೇ ವರ್ಷ ಉಳಿಸಲಾರದು. ಉಳಿಯಬೇಕಾದರೆ ಕ್ವಾರ್ಟರ್ಸಿನಲ್ಲಿ ನೀರು ಬರಬೇಕು, ರಾತ್ರಿ ಡ್ಯೂಟಿಯಲ್ಲಿ ಗಲಾಟೆಯಾದರೆ ಕಾವಲಿರಬೇಕು, ಕೇಳಿದರೆ ಹೇಳಿಕೊಡೋ ಹಿರಿಯ ಡಾಕ್ಟರೊಬ್ಬರು ಇರಬೇಕು.

ಬ್ರಿಟನ್ನಿನಿಂದ ಕಲಿಯೋದು ಒಂದಿದೆ. ಅಲ್ಲಿ ತರಬೇತಿಯ ನಡುವೆ ಅನುಮತಿ ಪಡೆದು ಹೊರಗೆ ಹೋಗಿ ಬರುವವನಿಗೆ ಅವನ ಸೀಟು ಕಾದಿರುತ್ತೆ. ತಾಲೂಕು ಆಸ್ಪತ್ರೆಯಲ್ಲಿ ಮೂರು ವರ್ಷ ದುಡಿದವನಿಗೆ ನಮ್ಮಲ್ಲೂ ಹಾಗೇ ಒಂದು ವರ್ಷ ರಜ ಕೊಡಿ, ಅವನ ಹುದ್ದೆ, ಸೀನಿಯಾರಿಟಿ ಉಳಿಸಿ. ಮೊದಲು ಊರಿಗೆ ಮೂರು ವರ್ಷ ದಕ್ಕುತ್ತೆ, ಹೋದವನಿಗೂ ವಾಪಸು ಬರೋಕೆ ಒಂದು ಕಾರಣ ಇರುತ್ತೆ.

ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ: "ಹುಡುಗ ಹೋಗಲಿ ಬಿಡಿ, ಆದರೆ ಮಳಿಗೆ ಅಡ ಇಡಬೇಡಿ. ಮೊದಲು ಒಂದು ವರ್ಷ ಇಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ಅವನ ಖರ್ಚು ಅವನೇ ಕೂಡಿಡಲಿ." ಅಷ್ಟರಲ್ಲಿ ಬಸ್ಸು ಬಂತು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತೇ ತಿರುಗಿ, "ಹಾಗಾದ್ರೆ ನಮ್ಮ ಆಸ್ಪತ್ರೆಗೇ ಹಾಕಿಸ್ಕೊಳ್ಳೋಕೆ ಹೇಳಿ ಸಾರ್" ಅಂದರು.